ಚೆಕ್ಕುಬಂದಿ ಇಲ್ಲದ ಸಿಂಹಾಸನ

ಹಾಸನದ ಕೋರ್ಟಿನ ಎದುರು ಬೈಟು ಕಾಫಿ ಕುಡಿಯುವವರಿಗೆ, ಇಪ್ಪತ್ತು ಗುಂಟೆಯ ಭಾಗದ ದಾವೆ ಮೂರು ತಲೆಮಾರು ನಡೆದರೂ ಆಶ್ಚರ್ಯವಿಲ್ಲ. ಆ ಗುಂಟೆಗಳು ಕಣ್ಣಿಗಾದರೂ ಕಾಣುತ್ತವೆ: ಒಂದು ಹಲಸಿನ ಮರ, ಅರ್ಧ ಕುಸಿದ ಬದು. ಫ್ರಾನ್ಸಿನ ರಾಜವಂಶಸ್ಥರು ಕಿತ್ತಾಡುತ್ತಿರುವುದು ಇಲ್ಲದ ಸಿಂಹಾಸನಕ್ಕೆ. ಕೊನೆಯ ದೊರೆ ಲೂಯಿ ಫಿಲಿಪ್ 1848ರಲ್ಲೇ ಗಂಟುಮೂಟೆ ಕಟ್ಟಿದ. ಆಮೇಲೊಬ್ಬ ಚಕ್ರವರ್ತಿಯೂ ಬಂದು ಹೋದ.

ನಮ್ಮ ಬೀದಿಯ ನಿವೃತ್ತ ಶಿರಸ್ತೇದಾರರಿಗೆ ಇದನ್ನು ಹೇಳಿದೆ. "ಪತ್ರ ಏನಿದೆಯಪ್ಪ?" ಎಂದರು.

ಪತ್ರವಿದೆ. ಹದಿನಾಲ್ಕನೆಯ ಲೂಯಿಯ ಮೊಮ್ಮಗ ಫಿಲಿಪ್, ಸ್ಪೇನಿನ ಪಟ್ಟ ಉಳಿಸಿಕೊಳ್ಳಲು, 1713ರ ಯೂಟ್ರೆಕ್ಟ್ ಒಪ್ಪಂದದ ಹೊತ್ತಿಗೆ ತನಗೂ ತನ್ನ ಸಂತತಿಗೂ ಫ್ರಾನ್ಸಿನ ಪಟ್ಟ ಬೇಡವೆಂದು ಬರೆದುಕೊಟ್ಟಿದ್ದಾನೆ.

"ಹಕ್ಕು ಬಿಡುಗಡೆ ಪತ್ರ. ಮುಗಿಯಿತಲ್ಲ!"

ಎಲ್ಲಿ ಮುಗಿಯುತ್ತದೆ? 1883ರಲ್ಲಿ ಹಿರಿಯ ಕವಲಿನ ಶಾಂಬೋರ್ ಕೌಂಟ್ ಮಕ್ಕಳಿಲ್ಲದೆ ಸತ್ತ. (ಹತ್ತು ವರ್ಷ ಮೊದಲು, ಬಾಗಿಲಿಗೆ ಬಂದ ಪಟ್ಟವನ್ನು ತ್ರಿವರ್ಣ ಧ್ವಜ ಒಲ್ಲೆ, ಬಿಳಿಯದೇ ಬೇಕು ಎಂದು ಹಟ ಹಿಡಿದು ಕಳೆದುಕೊಂಡ ಮಹಾನುಭಾವ.) ಅವನ ಹಕ್ಕು ಇನ್ನು ಯಾರಿಗೆ ಎಂದು ಆಗ ಎದ್ದಿತು ತಕರಾರು. ಕಿರೀಟ ಪಿತ್ರಾರ್ಜಿತವೂ ಅಲ್ಲ, ಸ್ವಯಾರ್ಜಿತವೂ ಅಲ್ಲ, ದೊರೆಯ ಸ್ವತ್ತೇ ಅಲ್ಲದ್ದನ್ನು ಬಿಟ್ಟುಕೊಡಲು ಅವನ್ಯಾರು ಎಂದು ಫಿಲಿಪ್‌ನ ಕವಲಿನ ಪರ ವಾದ. ಬರೆದುಕೊಟ್ಟದ್ದು ಬರೆದುಕೊಟ್ಟದ್ದೇ, ಮೇಲಾಗಿ ಪರದೇಶದವರಾಗಿ ಹೋದವರಿಗೆ ಇಲ್ಲೇನು ಕೆಲಸ ಎಂದು ಓರ್ಲಿಯಾನ್ ಕವಲಿನ, ಅಂದರೆ ಆ ಲೂಯಿ ಫಿಲಿಪ್‌ನ ಕಡೆಯವರ ಪರ ವಾದ. ನಿಜ ಹೇಳಬೇಕೆಂದರೆ ಎರಡೂ ಗಟ್ಟಿಯಾಗಿವೆ. ಬಿರುದು ಮತ್ತು ಮೂರು ಲಿಲ್ಲಿ ಹೂವಿನ ಲಾಂಛನದ ಜಗಳ ಪ್ಯಾರಿಸಿನ ಕೋರ್ಟಿಗೂ ಹೋಯಿತು. ದೊರೆಯನ್ನು ಓಡಿಸಿದ ಗಣರಾಜ್ಯದ ಕೋರ್ಟಿಗೆ! 1988ರಲ್ಲಿ ಅದು ವಜಾ ಆಯಿತು.

"ಅದಿರಲಿ, ದಾವಾ ಸ್ವತ್ತಿನ ಚೆಕ್ಕುಬಂದಿ ಹೇಳು."

ಏನು ಹೇಳಲಿ? ದೊರೆಗಳಿದ್ದ ಪ್ಯಾರಿಸಿನ ತುಯ್ಲರಿ ಅರಮನೆ 1871ರಲ್ಲಿ ಸುಟ್ಟುಹೋಗಿ, ಈಗ ಅದರ ಹೆಸರಿನಲ್ಲಿ ಉಳಿದಿರುವುದು ಉದ್ಯಾನ. ಕಿರೀಟದ ಒಡವೆಗಳಲ್ಲಿ ಬಹುಪಾಲನ್ನು 1887ರಲ್ಲಿ ಸರ್ಕಾರವೇ ಹರಾಜು ಹಾಕಿತು. ಪೂರ್ವಕ್ಕೆ ಗಾಳಿ, ಪಶ್ಚಿಮಕ್ಕೆ ಗಾಳಿ.

ಶಿರಸ್ತೇದಾರರು ಕಾಫಿಯ ತಳದ ಸಕ್ಕರೆಯನ್ನು ಕಲಕುತ್ತ ಯೋಚಿಸಿದರು. "ಹೆಣ್ಣುಮಕ್ಕಳನ್ನು ಪಾರ್ಟಿ ಮಾಡಿದ್ದಾರೋ?"

"ಅಲ್ಲಿ ಹೆಣ್ಣುಮಕ್ಕಳಿಗೆ ಪಟ್ಟವೇ ಇಲ್ಲ ಸಾರ್. ಸ್ಯಾಲಿಕ್ ಕಾನೂನು. ಅವರ ಸಹಿಯೂ ಬೇಕಿಲ್ಲ."

ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ 2005ರ ತಿದ್ದುಪಡಿ ಬಂದಾಗಿನಿಂದ ಮೂವರು ತಂಗಿಯರ ಸಹಿಗಾಗಿ ಅರಸೀಕೆರೆ, ಬೇಲೂರು, ಸಕಲೇಶಪುರವೆಂದು ಬಸ್ಸು ಹತ್ತಿ ಇಳಿಯುತ್ತಿರುವ ಶಿರಸ್ತೇದಾರರ ಮುಖದಲ್ಲಿ, ಮೊದಲ ಬಾರಿಗೆ, ಫ್ರಾನ್ಸಿನ ಬಗ್ಗೆ ಅಸೂಯೆ ಕಂಡಿತು.