ಸ್ಪಷ್ಟನೆ: ಇಂಜೆಕ್ಟರ್ ಕೋಡ್ ಹಾಕಿದರೆ ಟ್ಯೂನಿಂಗ್ ಮುಗಿಯುವುದಿಲ್ಲ

ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಇಂಧನ ಹೋಗುವ) ಡೀಸೆಲ್ ಟ್ರಕ್ಕಿಗೆ ದೊಡ್ಡ ಇಂಜೆಕ್ಟರ್ (ಡೀಸೆಲ್ ಸಿಂಪಡಿಸುವ ಭಾಗ) ಕೂರಿಸಿ ಅದರ ಕೋಡ್ ಫೀಡ್ ಮಾಡಿದರೆ ಸಾಕು, ಉಳಿದದ್ದನ್ನು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಾನೇ ಕಲಿಯುತ್ತದೆ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಆ ಕೋಡ್ ಒಂದೇ ಮಾದರಿಯ ಇಂಜೆಕ್ಟರುಗಳ ನಡುವಿನ ಸಣ್ಣ ವ್ಯತ್ಯಾಸವನ್ನಷ್ಟೇ ಸರಿದೂಗಿಸುತ್ತದೆ.

ಬೇಕಾದ ಡೀಸೆಲ್ ಪ್ರಮಾಣ, ರೈಲ್ ಒತ್ತಡ ಎರಡನ್ನೂ ನೋಡಿ, ಇಂಜೆಕ್ಟರಿಗೆ ಎಷ್ಟು ಹೊತ್ತು ಕರೆಂಟ್ ಕೊಡಬೇಕೆಂಬುದನ್ನು ಇಸಿಯು ತನ್ನೊಳಗಿನ ಡ್ಯುರೇಷನ್ ಮ್ಯಾಪಿನಿಂದ (ಅವಧಿಗಳ ಕೋಷ್ಟಕ) ತೆಗೆಯುತ್ತದೆ. ಹೊಸ ಇಂಜೆಕ್ಟರಿನ ಹರಿವು ಶೇ 30 ಹೆಚ್ಚಿದ್ದರೆ 1,000 ಮೈಕ್ರೋಸೆಕೆಂಡಿನ ಅವಧಿ ಸುಮಾರು 770ಕ್ಕೆ ಇಳಿಯಬೇಕು. ಇಳಿಸದಿದ್ದರೆ ಕಪ್ಪು ಹೊಗೆ, ಏರುವ ಎಕ್ಸಾಸ್ಟ್ ತಾಪ, ಕೊನೆಗೆ ಪಿಸ್ಟನ್ನಿಗೇ ಪೆಟ್ಟು.

ಹಾಗೆಂದು ಇಡೀ ಮ್ಯಾಪನ್ನು 1.3ರಿಂದ ಭಾಗಿಸಬೇಡಿ. ಪೈಲಟ್ ಇಂಜೆಕ್ಷನ್ನಿನ (ಮುಖ್ಯ ಸಿಂಪಡಣೆಗೆ ಮುನ್ನ ಬೀಳುವ ಚೂರು ಡೀಸೆಲ್) ಚಿಕ್ಕ ಅವಧಿಯಲ್ಲಿ ಇಂಜೆಕ್ಟರಿನೊಳಗಿನ ಸೂಜಿ ಮೇಲೇಳುವುದಕ್ಕೇ ಸಮಯ ಹೋಗುತ್ತದೆ. ಅತಿಯಾಗಿ ಕತ್ತರಿಸಿದರೆ ಪೈಲಟ್ಟೇ ಬೀಳದೆ, ಐಡಲ್‌ನಲ್ಲಿ ಎಂಜಿನ್ ಕಟಕಟ ಎನ್ನುತ್ತದೆ. ಮ್ಯಾಪಿನ ಆ ಚಿಕ್ಕ ಅವಧಿಯ ಸಾಲುಗಳನ್ನು ಇಂಜೆಕ್ಟರಿನ ಬೆಂಚ್ ಟೆಸ್ಟ್ (ಇಂಜೆಕ್ಟರನ್ನು ಯಂತ್ರಕ್ಕಿಟ್ಟು ಹರಿವು ಅಳೆಯುವ ಪರೀಕ್ಷೆ) ಅಂಕಿಗಳಿಂದಲೇ ತುಂಬಿ.