ಅಕ್ಕ ಯಾಕೆ ನೀರಿಗಿಳಿಯಲಿಲ್ಲ

ಏಪ್ರಿಲ್‌ನಲ್ಲಿ ರಜೆಗೆ ಊರಿಗೆ ಬಂದಿದ್ದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಆಗಿತ್ತು. ಶನಿವಾರಸಂತೆ ಕಡೆ ತೋಟಗಳಲ್ಲಿ ಇನ್ನೂ ಕಾಫಿ ಹೂವಿನ ಘಮ. ನಮ್ಮ ಕೊಡಗು ಜಿಲ್ಲೆಯಲ್ಲೇ ಒಂದು ಕಡೆ ದೊಡ್ಡವರಿಗೆ ಈಜು ಸ್ಪರ್ಧೆ ಇದೆ ಅಂತ ವಾಟ್ಸಾಪ್‌ನಲ್ಲಿ ಬಂತು. ನನ್ನ ಹೆಸರಿನ ಜೊತೆ ದೊಡ್ಡಪ್ಪನ ಮಗಳ ಹೆಸರನ್ನೂ ಕೊಟ್ಟೆ. ಅಕ್ಕನಿಗೆ ಈಗ 52. ನನಗೆ ಈಜು ಕಲಿಸಿದವಳು ಅವಳೇ. ತೋಟದ ಕೆರೆಯಲ್ಲಿ, ಸೊಂಟಕ್ಕೆ ಲಾರಿ ಟ್ಯೂಬ್ ಸಿಕ್ಕಿಸಿ, ಬೈದು ಬೈದು ಕಲಿಸಿದ್ದಳು.

ಅವತ್ತು ಅಕ್ಕ ಕಪ್ಪು ಲೆಗ್ಗಿಂಗ್ಸ್, ಮೇಲೆ ತುಂಬು ತೋಳಿನ ಟೀ ಶರ್ಟ್ ಹಾಕಿಕೊಂಡು ಬಂದಿದ್ದಳು. ಆಯೋಜಕರಲ್ಲಿ ಒಬ್ಬರು ಬಂದರು. ‘ಮೇಡಂ, ಇದ್ರಲ್ಲಿ ಆಗಲ್ಲ. ಕಾಸ್ಟ್ಯೂಮ್ ಬೇಕು’ ಎಂದರು. ಎಂಥ ಕಾಸ್ಟ್ಯೂಮ್ ಅಂತ ಅಕ್ಕ ಕೇಳಿದಳು. ‘ಎಲ್ಲರಿಗೂ ಗೊತ್ತಿರುತ್ತಲ್ಲ ಮೇಡಂ’ ಎಂದು ಅವರು ಮುಂದೆ ಹೋದರು. ವಾಟ್ಸಾಪ್ ಸಂದೇಶದಲ್ಲೂ ಅದು ಇರಲಿಲ್ಲ, ಗೋಡೆ ಮೇಲೂ ಇರಲಿಲ್ಲ. ಅಕ್ಕ ಏನೂ ಮಾತಾಡಲಿಲ್ಲ. ಹೆಗಲಿಗೆ ಟವೆಲ್ ಹೊದ್ದು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಳು. ಬೇರೆಯವರ ವಾಚು, ಕನ್ನಡಕ ಎಲ್ಲ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಆ ಮಡಿಲು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಗಂಡಸರಿಗೆ ಒಂದೇ ವಿಭಾಗ. 18 ವರ್ಷ ಮೇಲ್ಪಟ್ಟವರು, ಅಷ್ಟೇ. ನನಗೆ 46. ನನ್ನ ಪಕ್ಕದಲ್ಲಿ ಕಾಲೇಜು ತಂಡದ ಹುಡುಗ, ಮೊಣಕಾಲುವರೆಗೆ ಬಿಗಿಯಾದ ರೇಸಿಂಗ್ ಸೂಟ್. ಆಚೆ ಪಕ್ಕದಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರು. ಅವರಿಗೆ ಇನ್ನೂ ಹತ್ತು ಮೀಟರ್ ಬಾಕಿ ಇತ್ತು, ಆಗಲೇ ಮೈಕಿನಲ್ಲಿ ಮುಂದಿನ ಸ್ಪರ್ಧೆಯ ಹೆಸರು ಕೂಗಿದರು.

ನಾನು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಇರೋದು. ಅಲ್ಲಿ ಮಾಸ್ಟರ್ಸ್ ಈಜು ಅಂತ ಇದೆ, ದೊಡ್ಡವರಿಗೆ ವಯಸ್ಸಿನ ಗುಂಪು ಮಾಡಿ ನಡೆಸೋ ಸ್ಪರ್ಧೆ. ವಿಶ್ವ ಮಟ್ಟದ ಮಾಸ್ಟರ್ಸ್ ಶುರುವಾಗೋದು 25ಕ್ಕೆ, ಆಮೇಲೆ ಐದೈದು ವರ್ಷಕ್ಕೆ ಒಂದು ಗುಂಪು. ಮೊದಲ ಸಲ ಹೋದಾಗ ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ವಿಷಯ. ಒಬ್ಬ ಮುದುಕಿ, ಎಂಬತ್ತರ ಹತ್ತಿರ ಇರಬಹುದು, ಮೇಲಿಂದ ಹಾರಲಿಲ್ಲ. ನಿಧಾನವಾಗಿ ಏಣಿ ಇಳಿದು, ನೀರಲ್ಲೇ ಗೋಡೆ ಹಿಡಿದು ನಿಂತರು. ಮಾಸ್ಟರ್ಸ್‌ನಲ್ಲಿ ಹಾಗೆ ಶುರು ಮಾಡಬಹುದು, ನಿಯಮದಲ್ಲೇ ಇದೆ. ಪಕ್ಕದ ಲೇನಿನಲ್ಲಿದ್ದವರು ಮೂವತ್ತರ ಆಸುಪಾಸಿನವರು. ಯಾಕಂದರೆ ಅಲ್ಲಿ ಹೀಟ್, ಅಂದರೆ ಒಂದು ಸಲಕ್ಕೆ ಒಟ್ಟಿಗೆ ಈಜುವವರ ಸರದಿ, ಮಾಡೋದು ವಯಸ್ಸು ನೋಡಿ ಅಲ್ಲ, ಎಷ್ಟು ಸಮಯದಲ್ಲಿ ಈಜುತ್ತೇನೆ ಅಂತ ಯಾರು ಏನು ಬರೆದುಕೊಟ್ಟಿದ್ದಾರೆ ಅಂತ ನೋಡಿ. ಎಲ್ಲರೂ ಒಟ್ಟಿಗೆ ಈಜುತ್ತಾರೆ. ಫಲಿತಾಂಶ ಮಾತ್ರ ವಯಸ್ಸಿನ ಪ್ರಕಾರ ಬೇರೆ ಬೇರೆ.

ಇದನ್ನೇ ಇಲ್ಲಿ ಆಯೋಜಕರಿಗೆ ಹೇಳಿದೆ. ‘ಅಷ್ಟು ಗುಂಪು ಮಾಡಿದ್ರೆ ಸಂಜೆ ಆಗುತ್ತೆ ಸಾರ್’ ಎಂದರು. ಆಗಲ್ಲ. ಒಂದು ಹೀಟೂ ಜಾಸ್ತಿ ಆಗಲ್ಲ. ಒಂದು ಹಾಳೆ, ಒಂದು ಪೆನ್ನು ಸಾಕು. ಆಗ ಇನ್ನೊಬ್ಬರು, ‘ನಮ್ಮ ಹಾಕಿ ಹಬ್ಬದಲ್ಲಿ ಯಾರಾದ್ರೂ ವಯಸ್ಸು ಕೇಳ್ತಾರಾ ಸಾರ್?’ ಎಂದರು. ಆ ಮಾತಿಗೆ ತಕ್ಷಣ ನನಗೆ ಉತ್ತರ ಹೊಳೆಯಲಿಲ್ಲ. ಕೊಡವ ಕುಟುಂಬಗಳು ತಂಡ ಕಟ್ಟಿ ಆಡುವ ಹಬ್ಬ ಅದು, 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಶುರು ಮಾಡಿದ್ದು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬದ ತಂಡಗಳು ಆಡಿದವು. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡ. ನಿಜ, ವಯಸ್ಸು ಕೇಳಲ್ಲ. ಆದರೆ ಅಲ್ಲಿ ಅಜ್ಜ ಹಿಂದೆ ನಿಂತರೆ ಅವರ ಪಾಲಿನ ಓಟವನ್ನು ಮೊಮ್ಮಗ ಓಡುತ್ತಾನೆ. ಈಜಿನ ಲೇನಿನಲ್ಲಿ ಯಾರ ಪಾಲನ್ನು ಯಾರು ಈಜೋದು?

ಉಡುಪಿನ ವಿಷಯಕ್ಕೆ ಬರುತ್ತೇನೆ, ನನಗೆ ಜಾಸ್ತಿ ನೋವಾಗಿದ್ದು ಅದರಲ್ಲೇ. 2008ರಲ್ಲಿ ಈಜುಡುಪು ಕಂಪನಿ ಸ್ಪೀಡೋದ ಹೊಸ ಸೂಟ್ ಬಂತು, ಮರುವರ್ಷ ಬೇರೆ ಕಂಪನಿಗಳವರು ಇಡೀ ಸೂಟನ್ನೇ ಪಾಲಿಯುರೆಥೇನ್ ಅನ್ನೋ ರಬ್ಬರಿನಂಥ ಪ್ಲಾಸ್ಟಿಕ್‌ನಲ್ಲಿ ಮಾಡಿದರು. ಮೈಯನ್ನು ಬಿಗಿದು ಹಿಡಿಯುತ್ತೆ, ನೀರಲ್ಲಿ ತೇಲಿಸುತ್ತೆ. 2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 43 ವಿಶ್ವ ದಾಖಲೆ ಬಿದ್ದವು. ಈಜಿದ್ದು ಮನುಷ್ಯನೋ ಸೂಟೋ ಅಂತ ಜನ ಕೇಳಿದರು. 2010ರ ಜನವರಿ 1ರಿಂದ ಅದಕ್ಕೆ ನಿಷೇಧ. ಈಗ ಬಟ್ಟೆಯದ್ದೇ ಆಗಬೇಕು, ಗಂಡಸರಿಗೆ ಸೊಂಟದಿಂದ ಮೊಣಕಾಲು, ಹೆಂಗಸರಿಗೆ ಭುಜದಿಂದ ಮೊಣಕಾಲು, ಜಿಪ್ ಇರಬಾರದು. ಈ ನಿಯಮ ಹುಟ್ಟಿದ್ದೇ ಉಡುಪಿನಿಂದ ಯಾರಿಗೂ ಲಾಭ ಆಗಬಾರದು ಅಂತ. ಅಕ್ಕನ ಟೀ ಶರ್ಟಿನಿಂದ ಯಾರಿಗೆ ಲಾಭ? ನೀರು ಕುಡಿದು ಭಾರ ಆಗಿ ಅವಳನ್ನೇ ಹಿಂದೆ ಎಳೆಯುತ್ತಿತ್ತು. ನಿಯಮದ ಕಾರಣವನ್ನು ಬಿಟ್ಟು ಕಾಸ್ಟ್ಯೂಮ್ ಅನ್ನೋ ಪದವನ್ನು ಮಾತ್ರ ಇಟ್ಟುಕೊಂಡಿದ್ದೇವೆ. ನಮ್ಮೂರಿನ ಕೆರೆ, ಹೊಳೆಯಲ್ಲಿ ಈಜು ಕಲಿತ ಐವತ್ತರ ಹೆಂಗಸರು ಎಷ್ಟು ಜನ ಇದ್ದಾರೆ! ಅವರಲ್ಲಿ ಒಬ್ಬರೂ ಅವತ್ತು ನೀರಿಗೆ ಇಳಿಯಲಿಲ್ಲ.

ಇಂಗ್ಲೆಂಡಿನ ಈಜು ಸಂಸ್ಥೆ ಹವ್ಯಾಸಿ ಸ್ಪರ್ಧೆಗಳಲ್ಲಿ ಮೈತುಂಬ ಉಡುಪಿಗೆ ಅವಕಾಶ ಕೊಟ್ಟಿದೆ. ಧರ್ಮದ ಕಾರಣ ಇರಬೇಕು, ಇಲ್ಲವೇ ಆರೋಗ್ಯದ ಕಾರಣ. ಮುಸ್ಲಿಂ ಮಹಿಳೆಯರ ಕ್ರೀಡಾ ಸಂಸ್ಥೆಯೊಂದು ಕೇಳಿತು, ಇವರು ಒಪ್ಪಿದರು. ಆದರೆ ಅದು ಆಗಿದ್ದು 2017ರಲ್ಲಿ. ಅದಕ್ಕೆ ಮೊದಲು ಅಲ್ಲೂ ಇಲ್ಲ ಅಂತಲೇ ಹೇಳುತ್ತಿದ್ದರು. ಅಕ್ಕನ ಸಂಕೋಚ ಆ ಎರಡು ಕಾರಣದಲ್ಲಿ ಯಾವುದಕ್ಕೂ ಸರಿಯಾಗಿ ಸೇರಲ್ಲ, ಅದೂ ನನಗೆ ಗೊತ್ತು. ಆದರೂ ಬರೆದಿಟ್ಟ ಮಾತು ಇದ್ದರೆ ಹಿಂದಿನ ದಿನವೇ ಫೋನ್ ಮಾಡಿ ಕೇಳಬಹುದು ಅಲ್ವಾ?

ಇನ್ನೊಂದು ಒಪ್ಪಿಕೊಳ್ಳಲೇಬೇಕು. ಹತ್ತಿ ಬಟ್ಟೆಯನ್ನು ನಮ್ಮ ಶೆಫೀಲ್ಡ್ ಕೊಳದಲ್ಲೂ ಬಿಡಲ್ಲ. ನೂಲು ಬಿಟ್ಟು ಫಿಲ್ಟರ್ ಕಟ್ಟಿಕೊಳ್ಳುತ್ತೆ. ಇಲ್ಲಿನವರು ಅಷ್ಟು ಹೇಳಿದ್ದರೆ ಅಕ್ಕ ಒಪ್ಪುತ್ತಿದ್ದಳು. ಅಲ್ಲಿ ಎಲ್ಲ ನ್ಯಾಯವಾಗಿದೆ ಅಂತಲೂ ಅಲ್ಲ. ನಿಯಮಕ್ಕೆ ಸರಿಹೊಂದುವ ಒಳ್ಳೆ ಸೂಟಿಗೇ ಮುನ್ನೂರು ಪೌಂಡ್ ದಾಟುತ್ತೆ, ದುಡ್ಡಿದ್ದವರಿಗೆ ಸೆಕೆಂಡಿನ ಚೂರುಪಾರು ಲಾಭ ಇದ್ದೇ ಇದೆ. ಇಲ್ಲಿ ಪ್ರವೇಶ ಶುಲ್ಕ ಇರಲಿಲ್ಲ, ಬಂದವರಿಗೆಲ್ಲ ಉಪ್ಪಿಟ್ಟು ಕೇಸರಿಬಾತ್ ಕೊಟ್ಟರು. ಮೈಕಿನವರು ಮುಂದಿನ ಹೆಸರು ಕೂಗುತ್ತಿದ್ದಾಗ ಗೆದ್ದ ಆ ಹುಡುಗ ಮತ್ತೆ ನೀರಿಗೆ ಹಾರಿದ. ಕೊನೆಯ ಹತ್ತು ಮೀಟರ್ ಆ ಹಿರಿಯರ ಪಕ್ಕದಲ್ಲೇ ನಿಧಾನವಾಗಿ ಈಜಿ, ಕೈ ಹಿಡಿದು ಮೇಲೆ ಹತ್ತಿಸಿದ. ಶೆಫೀಲ್ಡ್‌ನಲ್ಲಿ ಅಂಥದ್ದನ್ನು ನಾನು ಒಂದು ಸಲವೂ ನೋಡಿಲ್ಲ.

ವಾಪಸ್ ಬಂದ ಮೇಲೆ ಆಯೋಜಕರಿಗೆ ಎರಡು ಪುಟ ಕನ್ನಡದಲ್ಲಿ ಬರೆದು ಕಳಿಸಿದೆ. ವಯಸ್ಸಿನ ಗುಂಪು ಹೇಗೆ ಮಾಡೋದು, ಯಾವ ಬಟ್ಟೆ ನಡೆಯುತ್ತೆ, ಯಾವುದು ನಡೆಯಲ್ಲ, ಯಾಕೆ. ‘ಮುಂದಿನ ವರ್ಷ ನೋಡೋಣ ಸಾರ್’ ಅಂತ ಉತ್ತರ ಬಂತು. ಅಕ್ಕನಿಗೆ ತುಂಬು ತೋಳಿನ ನೈಲಾನ್ ಈಜುಡುಪು ಕಳಿಸಿದ್ದೇನೆ. ತೋಟಕ್ಕೆ ಸ್ಪ್ರಿಂಕ್ಲರ್ ಹೊಡೆದು ಹೊಡೆದು ಕೆರೆ ಮೊಣಕಾಲುದ್ದಕ್ಕೆ ಇಳಿದಿದೆಯಂತೆ. ಮಳೆ ಹಿಡಿದು ನೀರು ತುಂಬಲಿ, ಹಾಕಿ ನೋಡ್ತೀನಿ ಎಂದಿದ್ದಾಳೆ.