ಉಜ್ಜೋದು ಮನೆಯವರ ಕೆಲಸ, ಕೀಳೋದು ಸರ್ಕಾರದ ಕೆಲಸ

ಮೂರು ವರ್ಷದ ಮಗುವಿನ ಹಲ್ಲನ್ನು ಯಾರು ಉಜ್ಜಿಸಬೇಕು? ಈ ಒಂದು ಪ್ರಶ್ನೆ ಹಿಡಿದುಕೊಂಡು ಇಂಗ್ಲೆಂಡಿನ ರಾಜಕಾರಣಿಗಳು, ಪತ್ರಿಕೆಗಳ ಅಂಕಣಕಾರರು, ಹೆಡ್‌ಮಾಸ್ಟರುಗಳ ಸಂಘದವರು ಎಲ್ಲ ಸೇರಿ ಕೆಲವು ವರ್ಷಗಳಿಂದ ಜಗಳ ಆಡುತ್ತಿದ್ದಾರೆ. ಬೇಕಾಗಿರೋದು ಬಟಾಣಿ ಕಾಳಿನಷ್ಟು ಪೇಸ್ಟು, ಒಂದು ಬ್ರಷ್ಷು, ಎರಡು ನಿಮಿಷ. ಆದರೆ ಆ ಎರಡು ನಿಮಿಷದಲ್ಲಿ ಕುಟುಂಬ ವ್ಯವಸ್ಥೆ ಕುಸಿದುಬೀಳುತ್ತದಂತೆ, ಅಪ್ಪ ಅಮ್ಮಂದಿರು ಸೋಮಾರಿಗಳಾಗುತ್ತಾರಂತೆ, ಇವತ್ತು ಹಲ್ಲು ಉಜ್ಜಿಸಿದ ಸರ್ಕಾರ ನಾಳೆ ಮಕ್ಕಳ ಮೂಗನ್ನೂ ಒರೆಸುತ್ತದಂತೆ. ಒರೆಸಲಿ ಬಿಡಿ. ಮೂರು ವರ್ಷದ ಮಕ್ಕಳಿರುವ ಯಾವ ಶಾಲೆಗೆ ಹೋದರೂ ಯಾರೋ ಒಬ್ಬರು ಆ ಕೆಲಸ ಮಾಡುತ್ತಲೇ ಇರುತ್ತಾರೆ, ಅದಕ್ಕೆ ಪಾರ್ಲಿಮೆಂಟಿನ ಒಪ್ಪಿಗೆ ಕೇಳಿದವರಿಲ್ಲ.

2024ರ ಜನವರಿಯಲ್ಲಿ, ಆಗಿನ್ನೂ ವಿರೋಧ ಪಕ್ಷದಲ್ಲಿದ್ದ ಕೀರ್ ಸ್ಟಾರ್ಮರ್, ನಾವು ಗೆದ್ದರೆ ಪುಟ್ಟ ಮಕ್ಕಳಿಗೆ ಶಾಲೆಯಲ್ಲೇ ಹಲ್ಲು ಉಜ್ಜಿಸುತ್ತೇವೆ ಅಂದರು. ನ್ಯಾನಿ ಸ್ಟೇಟ್, ಅಂದರೆ ಜನರನ್ನು ಆಯಾ ಥರ ಸಾಕೋದಕ್ಕೆ ಹೊರಟ ಸರ್ಕಾರ ಅಂತ ಬೈಯುವವರು ಬೈಯಲಿ, ಆ ಜಗಳಕ್ಕೂ ತಯಾರಿದ್ದೇನೆ ಅಂದರು. ಗೆದ್ದರು. 2025ರ ಮಾರ್ಚಿನಲ್ಲಿ ಅವರ ಸರ್ಕಾರ 1.1 ಕೋಟಿ ಪೌಂಡ್ ತೆಗೆದಿಟ್ಟಿತು. ಬಡತನ ಜಾಸ್ತಿ ಇರುವ ಕಡೆಯ 3ರಿಂದ 5 ವರ್ಷದ ಮಕ್ಕಳು, ಹೆಚ್ಚೆಂದರೆ 6 ಲಕ್ಷ ಜನ, ನರ್ಸರಿಯಲ್ಲಿ ಅಥವಾ ಶಾಲೆಯಲ್ಲಿ ಕೂತು ಹಲ್ಲು ಉಜ್ಜುತ್ತಾರೆ. ಭಾಗಿಸಿ ನೋಡಿ, ಮಗುವಿಗೆ 18 ಪೌಂಡ್ ಚಿಲ್ಲರೆ. ಐದು ವರ್ಷಕ್ಕೆ ಬೇಕಾದ ಬ್ರಷ್ಷು, ಪೇಸ್ಟು ಇತ್ಯಾದಿ 2.3 ಕೋಟಿಗೂ ಹೆಚ್ಚು ಸಾಮಾನನ್ನು ಕೋಲ್ಗೇಟ್ ಕಂಪನಿ ದಾನ ಕೊಡುತ್ತದೆ. ಮೂರನೇ ವರ್ಷಕ್ಕೇ ಗಿರಾಕಿ ಸಿಕ್ಕರೆ ಯಾವ ಕಂಪನಿ ತಾನೇ ದಾನಶೂರ ಕರ್ಣ ಆಗೋದಿಲ್ಲ, ಅದು ಬೇರೆ ಮಾತು.

ಬೈಗುಳಕ್ಕೂ ಒಂದು ಚರಿತ್ರೆ ಇದೆ. ನ್ಯಾನಿ ಸ್ಟೇಟ್ ಅನ್ನೋದನ್ನು 1965ರಲ್ಲಿ ಸ್ಪೆಕ್ಟೇಟರ್ ಪತ್ರಿಕೆಯಲ್ಲಿ ಬರೆದು ಚಲಾವಣೆಗೆ ತಂದವರು ಇಯಾನ್ ಮೆಕ್ಲಾಯ್ಡ್. ಇದೇ ಪುಣ್ಯಾತ್ಮ ಅದಕ್ಕೆ ಹತ್ತು ವರ್ಷ ಹಿಂದೆ ಆರೋಗ್ಯ ಮಂತ್ರಿಯಾಗಿದ್ದವರು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧ ಇದೆ ಅಂತ 1954ರಲ್ಲಿ ಪತ್ರಿಕಾಗೋಷ್ಠಿ ಕರೆದು ಹೇಳಿದರು, ಹೇಳುತ್ತಾ ಹೇಳುತ್ತಾ ಒಂದರ ಹಿಂದೆ ಒಂದು ಸಿಗರೇಟು ಸೇದಿದರು. ಆರೋಗ್ಯದ ವಿಷಯದಲ್ಲಿ ಸರ್ಕಾರ ಎಷ್ಟು ದೂರ ನಿಲ್ಲಬೇಕು ಅಂತ ಪಾಠ ಹೇಳೋದಕ್ಕೆ ಇವರಿಗಿಂತ ಯೋಗ್ಯರು ಬೇಕಾ?

ಸರಿ, ವಾದವನ್ನೇ ತೆಗೆದುಕೊಳ್ಳೋಣ. ಮಗುವಿನ ಬಾಯಿ ಅಪ್ಪ ಅಮ್ಮನ ಜವಾಬ್ದಾರಿ, ಅಲ್ಲಿ ಸರ್ಕಾರ ಮೂಗು ತೂರಿಸಬಾರದು. ಒಪ್ಪಿದೆ. ಆದರೆ ತಮಾಷೆ ಏನು ಗೊತ್ತಾ, ಸರ್ಕಾರ ಆ ಬಾಯೊಳಗೆ ಯಾವತ್ತೋ ಕೈ ಹಾಕಿ ಕೂತಿದೆ. ಬ್ರಷ್ ಹಿಡಿದ ಕೈ ಮಾತ್ರ ಎಲ್ಲರ ಕಣ್ಣಿಗೆ ಬಿದ್ದಿದೆ.

ಬ್ರಿಟನ್ನಿನ ವ್ಯಾಟ್ ಪಟ್ಟಿ ನೋಡಿ. ಟೂತ್ ಬ್ರಷ್ಷಿಗೆ 20 ಪರ್ಸೆಂಟ್. ಟೂತ್ ಪೇಸ್ಟಿಗೆ 20 ಪರ್ಸೆಂಟ್. ಅಂಗಡಿಯಿಂದ ಕೊಂಡು ಮನೆಗೆ ಒಯ್ಯುವ ಕೇಕಿಗೆ? ಸೊನ್ನೆ. ಕೇಕು ಅವಶ್ಯಕ ವಸ್ತು, ಬ್ರಷ್ಷು ಶೋಕಿ. ಬಿಸ್ಕತ್ತಿಗೆ ಚಾಕೊಲೇಟ್ ಬಳಿದರೆ ಮಾತ್ರ ತೆರಿಗೆ ಬೀಳುತ್ತದೆ, ಬಳಿಯದಿದ್ದರೆ ಇಲ್ಲ. ಅದಕ್ಕೇ ಚಾಕೊಲೇಟ್ ಬಳಿದ ಜಾಫಾ ಕೇಕ್ ಅನ್ನೋ ತಿಂಡಿ ಬಿಸ್ಕತ್ತೋ ಕೇಕೋ ಅಂತ ಕೇಸು ನಡೆದು, 1991ರಲ್ಲಿ ಟ್ರಿಬ್ಯುನಲ್ಲು ಇದು ಕೇಕೇ ಅಂತ ತೀರ್ಪು ಕೊಟ್ಟಿತು. ಇಷ್ಟಕ್ಕೇ ನಿಲ್ಲಲಿಲ್ಲ. ಶುಂಠಿ ಹಾಕಿ ಮಾಡುವ ಜಿಂಜರ್‌ಬ್ರೆಡ್ ಗೊಂಬೆ ಬಿಸ್ಕತ್ತು ಬರುತ್ತದಲ್ಲ, ಅದರ ಬಗ್ಗೆ ತೆರಿಗೆ ಇಲಾಖೆಯ ಮಾರ್ಗದರ್ಶಿಯಲ್ಲಿ ಸ್ಪಷ್ಟ ನಿಯಮ ಇದೆ. ಗೊಂಬೆಯ ಕಣ್ಣಿಗೆ ಎರಡು ಚುಕ್ಕಿ ಚಾಕೊಲೇಟ್ ಇಟ್ಟರೆ ತೆರಿಗೆ ಇಲ್ಲ. ಅಂಗಿಗೆ ಚಾಕೊಲೇಟಿನ ಗುಂಡಿ ಇಟ್ಟಿರೋ, ಸೊಂಟಕ್ಕೆ ಬೆಲ್ಟ್ ಕಟ್ಟಿದಿರೋ, 20 ಪರ್ಸೆಂಟ್ ಕಕ್ಕಬೇಕು. ಅಂದರೆ ಒಂದು ಶುಂಠಿ ಗೊಂಬೆ ಮೈಮೇಲೆ ಬಟ್ಟೆ ಹಾಕಿಕೊಂಡಿದೆಯಾ ಇಲ್ಲವಾ ಅಂತ ಬಗ್ಗಿ ನೋಡುವಷ್ಟು ವ್ಯವಧಾನ ಇರುವ ಸರ್ಕಾರ, ಅದನ್ನು ತಿಂದ ಮಗುವಿನ ಹಲ್ಲು ನೋಡಿದರೆ ಮಾತ್ರ ಖಾಸಗಿ ಬದುಕಿನಲ್ಲಿ ಅತಿಕ್ರಮಣ! ಮಗುವನ್ನು ಚಿವುಟಿ ತೊಟ್ಟಿಲು ತೂಗೋದು ಅಂತಾರಲ್ಲ, ಇಲ್ಲಿ ಚಿವುಟುವಾಗ ಯಾರೂ ಮಾತಾಡಲಿಲ್ಲ, ತೂಗೋದಕ್ಕೆ ಬಂದಾಗ ಗಲಾಟೆ.

ನೀರಿನ ಕಥೆ ಇನ್ನೂ ಚೆನ್ನಾಗಿದೆ. ಬರ್ಮಿಂಗ್‌ಹ್ಯಾಮಿನಲ್ಲಿ 1964ರಿಂದ ನಲ್ಲಿ ನೀರಿಗೆ ಫ್ಲೋರೈಡ್ ಸೇರಿಸುತ್ತಿದ್ದಾರೆ. ಹುಳುಕು ಕಡಿಮೆಯಾಗಲಿ ಅಂತ. ಇಂಗ್ಲೆಂಡಿನ ಸುಮಾರು 10ರಲ್ಲಿ ಒಬ್ಬರ ಮನೆಗೆ ಇಂಥ ನೀರು ಬರುತ್ತದೆ. ಆರು ದಶಕದಿಂದ ಆ ಊರಿನ ಮಕ್ಕಳ ಬಾಯಿಗೆ ಸರ್ಕಾರ ಗುಟುಕು ಗುಟುಕಾಗಿ ಇಳಿಯುತ್ತಿದೆ, ಅಲ್ಲಿ ಬೆಳೆದವರು ಈಗ ಅಜ್ಜ ಅಜ್ಜಿ ಆಗಿದ್ದಾರೆ, ಅವರಲ್ಲಿ ಕೆಲವರು ಶಾಲೆಯ ಬ್ರಷ್ಷಿನ ವಿರುದ್ಧ ಪತ್ರಿಕೆಗೆ ಓದುಗರ ಪತ್ರ ಬರೆದಿದ್ದರೂ ಆಶ್ಚರ್ಯ ಇಲ್ಲ.

ಈಗ ಕೀಳುವ ವಿಷಯಕ್ಕೆ ಬರೋಣ. ಇಂಗ್ಲೆಂಡಿನಲ್ಲಿ 5ರಿಂದ 9 ವರ್ಷದ ಮಕ್ಕಳು ಆಸ್ಪತ್ರೆಗೆ ದಾಖಲಾಗೋದಕ್ಕೆ ಅತಿ ದೊಡ್ಡ ಕಾರಣ ಯಾವುದು ಅಂದುಕೊಂಡಿದ್ದೀರಿ? ಕೈಕಾಲು ಮುರಿದದ್ದಲ್ಲ, ಆಸ್ತಮಾ ಅಲ್ಲ. ಹುಳುಕು ಹಲ್ಲು. 2024ರ ಸಮೀಕ್ಷೆಯಲ್ಲಿ 5 ವರ್ಷದ ಮಕ್ಕಳಲ್ಲಿ ಶೇ 22.4ರಷ್ಟು ಮಂದಿಗೆ ಹಲ್ಲು ಹಾಳಾಗಿತ್ತು. ಅತಿ ಬಡ ಪ್ರದೇಶದ ಮಕ್ಕಳ ಲೆಕ್ಕ ಅತಿ ಅನುಕೂಲಸ್ಥ ಪ್ರದೇಶದವರಿಗಿಂತ ಎರಡು ಪಟ್ಟಿಗೂ ಹೆಚ್ಚು.

ಆ ಕೋಣೆ ಹೇಗಿರುತ್ತದೆ ಅಂತ ಸ್ವಲ್ಪ ಯೋಚಿಸಿ. ಬೆಳಿಗ್ಗೆಯಿಂದ ಮಗು ಏನೂ ತಿಂದಿಲ್ಲ. ಕೈಯಲ್ಲಿ ಮನೆಯಿಂದ ತಂದ ಗೊಂಬೆ. ಅರಿವಳಿಕೆ ಕೊಡುವ ಡಾಕ್ಟರು ಮಾಸ್ಕ್ ಹಿಡಿದು, ಬಲೂನ್ ಊದು ಪುಟ್ಟಾ ಅನ್ನುತ್ತಾರೆ. ಮಗು ನಿದ್ದೆಗೆ ಜಾರುತ್ತದೆ, ಅಮ್ಮನನ್ನು ಹೊರಗೆ ಕಳಿಸುತ್ತಾರೆ, ಸ್ಟೀಲ್ ಟ್ರೇಯೊಳಗೆ ಪುಟ್ಟ ಪುಟ್ಟ ದವಡೆ ಹಲ್ಲು ಒಂದೊಂದಾಗಿ ಬೀಳುತ್ತವೆ, ಎಷ್ಟೋ ಸಲ ಒಂದೇ ಏಟಿಗೆ ನಾಲ್ಕೈದು. ಖರ್ಚೆಲ್ಲ ಸರ್ಕಾರದ್ದೇ. ಡಾಕ್ಟರು, ನರ್ಸು, ಆಪರೇಷನ್ ಥಿಯೇಟರು, ಆಮೇಲೆ ಕೊಡುವ ಐಸ್ ಲಾಲಿಪಾಪಿನವರೆಗೆ. ಈ ಇಡೀ ಹೊತ್ತಿನಲ್ಲಿ ಒಬ್ಬನೇ ಒಬ್ಬ ಸ್ವಾತಂತ್ರ್ಯಪ್ರೇಮಿ ಬಾಗಿಲು ಬಡಿದು, ನಿಲ್ಲಿಸಿ ಸ್ವಾಮಿ, ಇದು ಕುಟುಂಬದ ಕೆಲಸ, ಅಪ್ಪನ ಕೈಗೆ ಇಕ್ಕಳ ಕೊಡಿ ಅಂತ ಕೂಗೋದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಅದು ಆರೋಗ್ಯ ಸೇವೆ, ಮೊದಲೇ ಹಾಕಿದರೆ ಸರ್ವಾಧಿಕಾರ.

ಹಾಗಾದರೆ ಅಪ್ಪ ಅಮ್ಮನ ತಪ್ಪೇ ಇಲ್ಲವಾ? ಇದೆ, ಖಂಡಿತ ಇದೆ. ಜ್ಯೂಸು ತುಂಬಿದ ಬಾಟಲಿಯನ್ನು ಬಾಯಿಗಿಟ್ಟು ಮಲಗಿಸುವವರಿದ್ದಾರೆ. ಹಾಲು ಹಲ್ಲು ತಾನೇ, ಹೇಗಿದ್ದರೂ ಬೀಳುತ್ತೆ ಬಿಡಿ ಅನ್ನುವವರಂತೂ ಲೆಕ್ಕಕ್ಕಿಲ್ಲದಷ್ಟು. ಬೀಳೋದೇನೋ ಬೀಳುತ್ತದೆ. ಆದರೆ ಹಿಂದಿನ ಹಾಲು ದವಡೆಗಳು ಬೀಳೋದು 10-12 ವರ್ಷಕ್ಕೆ. ಅಲ್ಲಿಯವರೆಗೆ ಅಗಿಯಬೇಕು, ಹಿಂದೆ ಬರುವ ಹಲ್ಲಿಗೆ ಜಾಗ ಕಾಯ್ದಿಡಬೇಕು. ಮಗುವಿಗೆ ಸುಮಾರು 7 ವರ್ಷ ಆಗುವವರೆಗೆ ದೊಡ್ಡವರೇ ಉಜ್ಜಬೇಕು, ಇಲ್ಲವೇ ಪಕ್ಕದಲ್ಲಿ ನಿಂತು ಉಜ್ಜಿಸಬೇಕು ಅಂತ ಅಲ್ಲಿನ ದಂತವೈದ್ಯರು ಹೇಳಿ ಹೇಳಿ ಸುಸ್ತಾಗಿದ್ದಾರೆ. ಉಜ್ಜಿದ ಮೇಲೆ ಪೇಸ್ಟು ಉಗಿಯಿರಿ, ನೀರು ಹಾಕಿ ಬಾಯಿ ಮುಕ್ಕಳಿಸಬೇಡಿ, ಫ್ಲೋರೈಡ್ ತೊಳೆದುಹೋಗುತ್ತದೆ ಅಂತಲೂ ಹೇಳುತ್ತಾರೆ. ಇದನ್ನು ಕೇಳಿದ ದೊಡ್ಡವರೇ ಹುಬ್ಬೇರಿಸುತ್ತಾರೆ, ಇನ್ನು ಮಕ್ಕಳಿಗೆ ಯಾರು ಹೇಳಿಕೊಡಬೇಕು?

ಜವಾಬ್ದಾರಿ ತಪ್ಪಿದ ಅಪ್ಪ ಅಮ್ಮನಿಗೆ ಏನು ಮಾಡೋದು ಅನ್ನೋದಕ್ಕೂ ಅಲ್ಲಿ ದಾರಿ ಇದೆ. ಬ್ರಿಟನ್ನಿನ ಮಕ್ಕಳ ದಂತವೈದ್ಯರ ಸಂಘ 2009ರಲ್ಲಿ ಹಲ್ಲಿನ ನಿರ್ಲಕ್ಷ್ಯ ಅಂದರೆ ಏನು ಅಂತ ಬರೆದಿಟ್ಟಿತು. ಮಗುವಿನ ಬಾಯಿಗೆ ಬೇಕಾದ ಕನಿಷ್ಠ ಆರೈಕೆಯನ್ನು ಮತ್ತೆ ಮತ್ತೆ ತಪ್ಪಿಸಿ, ಅದರಿಂದ ಮಗುವಿನ ಆರೋಗ್ಯಕ್ಕೋ ಬೆಳವಣಿಗೆಗೋ ಗಂಭೀರ ಪೆಟ್ಟು ಬೀಳುವಂತಿದ್ದರೆ ಅದು ನಿರ್ಲಕ್ಷ್ಯ. ಬರೀ ಹುಳುಕು ಇದ್ದ ಮಾತ್ರಕ್ಕೆ ಅಪ್ಪ ಅಮ್ಮ ಖಳನಾಯಕರಲ್ಲ, ಚಿಕಿತ್ಸೆ ಸಿಗುವಂತಿದ್ದೂ ಕರೆದುಕೊಂಡು ಬರದಿದ್ದರೆ ಆಗ ಯೋಚಿಸಬೇಕು. ನ್ಯಾಯವಾದ ಮಾತು. ಆದರೆ ಮಜಾ ಇರೋದೇ ಇಲ್ಲಿ.

ಚಿಕಿತ್ಸೆ ಸಿಗಬೇಕಲ್ಲ! ಎನ್‌ಎಚ್‌ಎಸ್‌ನಲ್ಲಿ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಮಕ್ಕಳಿಗೆ ಹಲ್ಲಿನ ಚಿಕಿತ್ಸೆ ಪೂರ್ತಿ ಉಚಿತ. ಮೊದಲ ಹಲ್ಲು ಬಂದ ಕೂಡಲೇ, ಒಂದು ವರ್ಷ ತುಂಬುವ ಮೊದಲೇ ದಂತವೈದ್ಯರಿಗೆ ತೋರಿಸಿ ಅನ್ನುತ್ತಾರೆ. 2022ರಲ್ಲಿ ಬಿಬಿಸಿಯವರು ಫೋನ್ ಮಾಡಿ ವಿಚಾರಿಸಿದಾಗ, ಎನ್‌ಎಚ್‌ಎಸ್ ಕೆಲಸ ಮಾಡುವ 10 ಕ್ಲಿನಿಕ್ಕುಗಳಲ್ಲಿ 8 ಹೊಸ ಮಕ್ಕಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಯಾಕೆ? ದಂತವೈದ್ಯರ ಜೊತೆ ಸರ್ಕಾರ ಮಾಡಿಕೊಂಡ 2006ರ ಗುತ್ತಿಗೆ. ಅದರಲ್ಲಿ ದುಡ್ಡು ಕೊಡೋದು ಯೂನಿಟ್ ಲೆಕ್ಕದಲ್ಲಿ. ಅದರ ಪ್ರಕಾರ ಒಂದು ಹಲ್ಲು ತುಂಬಿಸಿದರೆ ಡಾಕ್ಟರಿಗೆ 3 ಯೂನಿಟ್, ಆರು ಹಲ್ಲು ತುಂಬಿಸಿದರೂ 3 ಯೂನಿಟ್. 2022ರ ಕೊನೆಗೆ ಸ್ವಲ್ಪ ತಿದ್ದುವವರೆಗೆ ಹೀಗೇ ನಡೆದಿತ್ತು. ಬಾಯಿ ತುಂಬಾ ಹುಳುಕು ಇಟ್ಟುಕೊಂಡು ಬರುವ ಮಗು ಅಂದರೆ ಡಾಕ್ಟರಿಗೆ ನಷ್ಟದ ಬಾಬತ್ತು. ಹಲ್ಲಿದ್ದವನಿಗೆ ಕಡಲೆ ಇಲ್ಲ ಅನ್ನೋದನ್ನು ಕೇಳಿದ್ದೆವು, ಹುಳುಕು ಇದ್ದವನಿಗೆ ಡಾಕ್ಟರಿಲ್ಲ ಅನ್ನೋದನ್ನು ಗುತ್ತಿಗೆಯ ಭಾಷೆಯಲ್ಲೇ ಬರೆದು ಸಹಿ ಹಾಕಿದ್ದು ಇವರು. 2024ರ ಫೆಬ್ರವರಿಯಲ್ಲಿ ಬ್ರಿಸ್ಟಲ್‌ನಲ್ಲಿ ಒಂದು ಕ್ಲಿನಿಕ್ಕು ಹೊಸ ಎನ್‌ಎಚ್‌ಎಸ್ ರೋಗಿಗಳಿಗೆ ಬಾಗಿಲು ತೆಗೆದಾಗ ನೂರಾರು ಜನ ಬೀದಿಯುದ್ದಕ್ಕೂ ಸಾಲು ನಿಂತರು, ಸಾಲು ನಿಭಾಯಿಸೋದಕ್ಕೆ ಪೊಲೀಸರೇ ಬರಬೇಕಾಯಿತು. ಇಂಥ ಕಡೆ ಒಬ್ಬ ಅಪ್ಪನನ್ನು ಹಿಡಿದು ನಿರ್ಲಕ್ಷ್ಯ ಮಾಡಿದೆಯಲ್ಲಪ್ಪಾ ಅಂತ ಕೇಳಿ ನೋಡಿ. ಅಪಾಯಿಂಟ್‌ಮೆಂಟ್ ತಪ್ಪಿಸಬೇಕಾದರೂ ಮೊದಲು ಅಪಾಯಿಂಟ್‌ಮೆಂಟ್ ಸಿಗಬೇಕಲ್ಲ ಸ್ವಾಮಿ ಅನ್ನುತ್ತಾನೆ.

ಇಷ್ಟೆಲ್ಲ ರಂಪದ ನಡುವೆ ಪಕ್ಕದ ಸ್ಕಾಟ್ಲೆಂಡಿನವರು ಸುಮ್ನೆ ತಮ್ಮ ಪಾಡಿಗೆ ಉಜ್ಜಿಸಿಕೊಂಡು ಕೂತಿದ್ದಾರೆ. ಚೈಲ್ಡ್‌ಸ್ಮೈಲ್ ಅಂತ 2006ರಲ್ಲಿ ಶುರು ಮಾಡಿದ ಕಾರ್ಯಕ್ರಮ. ವೇಲ್ಸ್‌ನವರೂ 2009ರ ಹೊತ್ತಿಗೆ ತಮ್ಮದೊಂದು ಶುರು ಮಾಡಿದರು. ನರ್ಸರಿಯಲ್ಲಿ ಬ್ರಷ್ಷು ಇಡುವ ಒಂದು ಸ್ಟ್ಯಾಂಡು. ಬ್ರಷ್ಷುಗಳು ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ತೂತು. ಓದಲು ಬಾರದ ಮಕ್ಕಳಿಗೆ ತಮ್ಮದು ಯಾವುದು ಅಂತ ಗೊತ್ತಾಗಲಿ ಅಂತ ಬ್ರಷ್ಷಿನ ಮೇಲೊಂದು ಚಿತ್ರ, ಸ್ಟ್ಯಾಂಡಿನ ಮೇಲೂ ಅದೇ ಚಿತ್ರ. ಪೇಸ್ಟು ಹಾಕಿಕೊಡೋದು ದೊಡ್ಡವರು. ಮಕ್ಕಳು ಕೂತು ಉಜ್ಜಿ, ಟಿಶ್ಯೂ ಕಾಗದಕ್ಕೆ ಉಗಿದು, ಆಟಕ್ಕೆ ಓಡುತ್ತಾರೆ. ಒಂದನೇ ತರಗತಿಯ ಮಕ್ಕಳಲ್ಲಿ ಕಣ್ಣಿಗೆ ಕಾಣುವ ಹುಳುಕು ಇಲ್ಲದವರು 2003ರಲ್ಲಿ ಶೇ 45ರಷ್ಟಿದ್ದರು, 2018ರ ಹೊತ್ತಿಗೆ ಶೇ 71 ಆದರು. ಪೂರ್ತಿ ಶ್ರೇಯಸ್ಸು ಬ್ರಷ್ಷಿಗೇ ಅಂತ ನಾನು ಹೇಳೋದಿಲ್ಲ, ಫ್ಲೋರೈಡ್ ವಾರ್ನಿಷ್ ಹಚ್ಚೋದು, ಮನೆ ಮನೆಗೆ ಹೋಗಿ ತಿಳಿಸಿ ಹೇಳೋದು ಎಲ್ಲ ಜೊತೆಗಿತ್ತು. ಆದರೆ ಸರ್ಕಾರ ಉಜ್ಜಿಸಿದ್ದರಿಂದ ಸ್ಕಾಟ್ಲೆಂಡಿನ ತಾಯಂದಿರು ಮನೆಯಲ್ಲಿ ಬ್ರಷ್ಷು ಬಿಸಾಕಿ ಕಾಲು ಚಾಚಿ ಕೂತರು ಅನ್ನೋ ಸುದ್ದಿಯಂತೂ ಇಲ್ಲಿಯವರೆಗೆ ಕಿವಿಗೆ ಬಿದ್ದಿಲ್ಲ. ಶಾಲೆಯಲ್ಲಿ ಉಜ್ಜಿಸೋದು ದಿನಕ್ಕೊಂದು ಸಲ. ರಾತ್ರಿ ಮಲಗುವಾಗ ಉಜ್ಜಿಸುವ ಪಾಳಿ ಆಗಲೂ ಮನೆಯವರದೇ, ಈಗಲೂ ಮನೆಯವರದೇ. ಶನಿವಾರ ಭಾನುವಾರ ಸರ್ಕಾರಕ್ಕೆ ರಜಾ ಬೇರೆ.

ಟೀಚರುಗಳ ದೂರನ್ನು ಮಾತ್ರ ನಾನು ಹಗುರ ಮಾಡೋದಿಲ್ಲ. ಈಗಾಗಲೇ ಪಾಠ ಹೇಳಬೇಕು, ಊಟ ಮಾಡಿಸಬೇಕು, ಡೈಪರ್ ಬಿಡಿಸಬೇಕು, ಇದರ ಮೇಲೆ 30 ಬ್ರಷ್ಷು ತೊಳೆದಿಡಿ ಅಂದರೆ ಯಾರಿಗಾದರೂ ರೇಗುತ್ತದೆ. ರೇಗಬೇಕಾದದ್ದು ಬ್ರಷ್ಷಿನ ಮೇಲಲ್ಲ, ಕೈ ಸಾಲದಷ್ಟು ಜನ ಇಟ್ಟು ಶಾಲೆ ನಡೆಸುವವರ ಮೇಲೆ.

ಇನ್ನು ಸರ್ಕಾರ ಅಂದರೆ ಮೈ ಉರಿಯುವ ಅಪ್ಪ ಅಮ್ಮಂದಿರಿಗೂ ದಾರಿ ಮುಚ್ಚಿಲ್ಲ. ಶಾಲೆ ಅವರ ಒಪ್ಪಿಗೆ ಕೇಳುತ್ತದೆ, ಬೇಡ ಅಂದರೆ ಆಯಿತು, ಮಗುವಿಗೆ ಬಲವಂತವಾಗಿ ಯಾರೂ ಉಜ್ಜಿಸೋದಿಲ್ಲ. ಇಷ್ಟಾದರೂ ತಕರಾರು ಇದೆ ಅಂದರೆ ಖಜಾನೆಯವರಿಗೆ ನನ್ನದೊಂದು ಸಲಹೆ. ಕೋಲ್ಗೇಟ್‌ನವರಿಗೆ ಹೇಳಿ ಜಿಂಜರ್‌ಬ್ರೆಡ್ಡಿನ ಹಿಡಿ ಇರುವ ಬ್ರಷ್ಷು ಮಾಡಿಸಲಿ. ಟ್ರಿಬ್ಯುನಲ್ಲಿಗೆ ಹೋಗಿ ಇದು ತಿಂಡಿ ಅಂತ ವಾದಿಸಿದರೆ 20 ಪರ್ಸೆಂಟ್ ವ್ಯಾಟ್ ಉಳಿಯುತ್ತದೆ, ಮಗುವಿಗೆ ತಿಂಡಿ ಕೊಟ್ಟರೆ ನ್ಯಾನಿ ಸ್ಟೇಟ್ ಅಂತ ಬೈಯೋದೂ ಕಷ್ಟ. ಹಿಡಿಯ ತುದಿಗೆ ಗೊಂಬೆಯ ಮುಖ ಇರಲಿ, ಕಣ್ಣಿಗೆ ಎರಡು ಚುಕ್ಕಿ ಚಾಕೊಲೇಟ್ ಕೂಡ ಇಡಲಿ. ಬೆಲ್ಟ್ ಮಾತ್ರ ಕಟ್ಟಬೇಡಿ.